ಊರ ಪತ್ರಿಕೆಯ ಸ್ವಾತಂತ್ರ್ಯ : ಒಂದು ವಿಮರ್ಶೆ

ಪ್ರತಿವರ್ಷ ಜುಲೈ ತಿಂಗಳ ಮೊದಲನೆಯ ದಿನದಂದು ನಮ್ಮ ನಾಡಿನ ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳಲ್ಲಿ ಪತ್ರಿಕಾ ದಿನಾಚರಣೆ ನಡೆಯುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವೆಂಬ ಪಾಕ್ಷಿಕವನ್ನು ಕಲ್ಲಚ್ಚಿನಲ್ಲಿ ಹೊರತಂದುದರ ಸ್ಮರಣಾರ್ಥವಾಗಿ ಈ ಆಚರಣೆ ರೂಢಿಗೆ ಬಂದಿದೆ. ಇಂತಹ ಸಭೆಗಳಿಗೆ ಸಾನ್ನಿಧ್ಯಕ್ಕೆಂದು ನಮ್ಮನ್ನು ಕರೆಯುವುದುಂಟು. ನಾವು ಹೋಗುವುದೂ ಉಂಟು. ಕೆಲವು ವರ್ಷಗಳ ಹಿಂದೆ ಅಂತಹ ಒಂದು ಸಭೆಯಲ್ಲಿ ಶಾಸಕರು ಪತ್ರಿಕೆಯನ್ನು ಪ್ರಜಾಪ್ರಭುತ್ವದ ನಾಲ್ಕನೆಯ ಕಂಬವೆಂದರು. ಅಧಿಕಾರಿಗಳೊಬ್ಬರು ಸಮಾಜದ ಕನ್ನಡಿ ಎಂದರು. ನಾವೂ ಸತ್ಯ, ನಿಷ್ಠೆ, ಲೋಕಹಿತ ಎಂಬ ಮಾತುಗಳನ್ನು ಕೂಡಿಸಿ ಅರ್ಧ ಗಂಟೆಯ ಆಶೀರ್ವಚನ ಮಾಡಿದೆವು. ವಂದನಾರ್ಪಣೆಗೆ ಮುಂಚೆ ಹಿಂದಿನ ಸಾಲಿನಿಂದ ವೃದ್ಧ ವರದಿಗಾರರೊಬ್ಬರು ಎದ್ದು ನಿಂತು, ತಮಗೆ ಪತ್ರಿಕೆಯಿಂದ ಹನ್ನೊಂದು ತಿಂಗಳಿಂದ ಗೌರವಧನ ಬಂದಿಲ್ಲವೆಂದೂ, ಊರಿನ ಸುದ್ದಿ ಬರೆಯುವುದಕ್ಕೆ ಮೊದಲು ಯಾರ ಜಾಹೀರಾತು ಬಾಕಿ ಇದೆಯೆಂದು ಪುಸ್ತಕ ತೆಗೆದು ನೋಡಬೇಕಾಗಿದೆಯೆಂದೂ ಎರಡೇ ವಾಕ್ಯಗಳಲ್ಲಿ ಹೇಳಿ ಕುಳಿತರು. ಮರುದಿನದ ಪತ್ರಿಕೆಗಳನ್ನು ತರಿಸಿ ನೋಡಿದೆವು. ಶಾಸಕರ ಮಾತು ಬಂದಿತ್ತು, ಅಧಿಕಾರಿಗಳ ಮಾತು ಬಂದಿತ್ತು, ನಮ್ಮ ಮಾತು ಭಾವಚಿತ್ರಸಮೇತ ಬಂದಿತ್ತು. ಆ ವೃದ್ಧರ ಮಾತು ಮಾತ್ರ ಯಾವ ಪತ್ರಿಕೆಯಲ್ಲಿಯೂ ಬಂದಿರಲಿಲ್ಲ.

ಅಂದಿನಿಂದ ಜಿಲ್ಲೆಯ ಪತ್ರಿಕೆಗಳನ್ನು ಓದುವ ನಮ್ಮ ರೀತಿ ಸ್ವಲ್ಪ ಬದಲಾಯಿತು. ಕಾವ್ಯವನ್ನೋ ಶಾಸ್ತ್ರಗ್ರಂಥವನ್ನೋ ಓದುವ ಎಚ್ಚರದಿಂದ ವೃತ್ತಪತ್ರಿಕೆಯನ್ನು ಯಾರೂ ಓದುವುದಿಲ್ಲ. ಓದಬೇಕೆಂದು ಅದನ್ನು ಬರೆಯುವವರೂ ನಿರೀಕ್ಷಿಸುವುದಿಲ್ಲ. ಆದರೂ ಅದು ಗದ್ಯವೇ ಸರಿ. ನಮ್ಮ ನಾಡಿನ ಬಹುಸಂಖ್ಯೆಯ ಜನ ಶಾಲೆ ಬಿಟ್ಟ ಮೇಲೆ ಜೀವಮಾನದಲ್ಲಿ ಓದುವ ಕನ್ನಡ ಗದ್ಯ ಬಹುಶಃ ಅದೊಂದೇ. ಆದಕಾರಣ ಅದಕ್ಕೂ ಒಂದು ವಿಮರ್ಶೆ ಸಲ್ಲತಕ್ಕದ್ದೇ ಆಗಿದೆ.

ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ ಓದಿದವರಿಗೆ ಯಾವ ವಾಕ್ಯದಲ್ಲಿಯೂ ಮೊದಲು ಕಣ್ಣಿಗೆ ಬೀಳುವುದು ಕ್ರಿಯಾಪದ. ವಾಚಕರು ತಮ್ಮ ಮನೆಗೆ ಬರುವ ಸ್ಥಳೀಯ ಪತ್ರಿಕೆಯ ಒಂದು ಪುಟವನ್ನು ತೆಗೆದುಕೊಂಡು ಅದರ ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯುತ್ತಾ ಹೋಗಲಿ. ಹೇಳಿದರು, ನುಡಿದರು, ತಿಳಿಸಿದರು, ಅಭಿಪ್ರಾಯಪಟ್ಟರು, ಕರೆ ನೀಡಿದರು, ವಿಷಾದ ವ್ಯಕ್ತಪಡಿಸಿದರು, ಭರವಸೆಯಿತ್ತರು, ಸಾನ್ನಿಧ್ಯ ವಹಿಸಿದ್ದರು, ಉಪಸ್ಥಿತರಿದ್ದರು. ಕೆರೆಯ ಹೂಳೆತ್ತುವ ಕಾಮಗಾರಿಗೆ ಚಾಲನೆ ಕೊಟ್ಟ ವರದಿಯಲ್ಲಿ ಚಾಲನೆ ಕೊಟ್ಟವರು ಯಾರು, ವೇದಿಕೆಯಲ್ಲಿ ಇದ್ದವರು ಯಾರು, ಪ್ರಾರ್ಥನೆ ಹಾಡಿದವರು ಯಾರು ಎಂಬುದೆಲ್ಲ ಇರುತ್ತದೆ. ಕೆರೆ ಎಷ್ಟು ಎಕರೆಯದು, ಎಷ್ಟು ಒತ್ತುವರಿಯಾಗಿದೆ, ಕಳೆದ ಸಲ ಹೂಳೆತ್ತಿದ್ದು ಯಾವಾಗ, ಆಗ ಖರ್ಚಾದ ಹಣವೆಷ್ಟು, ಎತ್ತಿದ ಹೂಳು ಯಾರ ಹೊಲಕ್ಕೆ ಹೋಯಿತು ಎಂಬುದು ಇರುವುದಿಲ್ಲ. ಎಂದರೆ ವಾಕ್ಯದಲ್ಲಿ ಕರ್ತೃವಿದ್ದಾನೆ, ಅವನ ಮಾತಿದೆ. ಊರಿನಲ್ಲಿ ನಡೆದ ಕ್ರಿಯೆ ಇಲ್ಲ. ಆಯಿತು, ಬಿದ್ದಿತು, ಕೊಟ್ಟರು, ಕೊಡಲಿಲ್ಲ, ಸತ್ತನು, ಮುಚ್ಚಿತು ಎಂಬ ನೇರ ಕ್ರಿಯಾಪದಗಳು ಅಪಘಾತ ಹಾಗೂ ಕಳ್ಳತನದ ಸುದ್ದಿಗಳಿಗೆ ಮಾತ್ರ ಮೀಸಲಾಗಿಬಿಟ್ಟಿವೆ. ಅಪಘಾತದ ವರದಿಯೇ ನಮ್ಮ ಊರಪತ್ರಿಕೆಗಳ ಅತ್ಯುತ್ತಮ ಗದ್ಯವೆಂದು ನಾವು ಹೇಳಿದರೆ ವಾಚಕರು ಅದನ್ನು ವಿನೋದವೆಂದು ತಿಳಿಯಬಾರದು. ಅಲ್ಲಿ ಸಮಯವಿದೆ, ಸ್ಥಳವಿದೆ, ವಾಹನದ ದಿಕ್ಕಿದೆ, ಗಾಯಗೊಂಡವರ ವಯಸ್ಸಿದೆ. ಲಾರಿಯಿಂದ ಪತ್ರಿಕೆಗೆ ಜಾಹೀರಾತು ಬರಬೇಕಾಗಿಲ್ಲವಷ್ಟೆ!

ಇದು ವರದಿಗಾರರ ಅಜ್ಞಾನದಿಂದ ಆದುದೆಂದು ನಾವು ಮೊದಲು ಎಣಿಸಿದ್ದೆವು. ಹಾಗಲ್ಲ. ಅವರೊಡನೆ ಕುಳಿತು ಮಾತನಾಡಿದರೆ ಕೆರೆಯ ಇತಿಹಾಸವೆಲ್ಲ ಅವರ ನಾಲಗೆಯ ತುದಿಯಲ್ಲಿರುತ್ತದೆ. ತಿಳಿದಿದ್ದೂ ಬರೆಯದಂತೆ ಆಗಿರುವುದೇ ಇಲ್ಲಿನ ವಿಷಯ. ಪತ್ರಿಕಾ ಸ್ವಾತಂತ್ರ್ಯವೆಂಬುದನ್ನು ನಾವು ಸಾಮಾನ್ಯವಾಗಿ ಸರ್ಕಾರಕ್ಕೂ ದೊಡ್ಡ ಪತ್ರಿಕೆಗಳಿಗೂ ಇರುವ ವ್ಯಾಜ್ಯವೆಂದು ಭಾವಿಸುತ್ತೇವೆ. ಊರಪತ್ರಿಕೆಯ ಮಟ್ಟಿಗೆ ಆ ವ್ಯಾಜ್ಯ ನ್ಯಾಯಾಲಯದಲ್ಲಿ ತೀರುವುದಕ್ಕೆ ಬಹಳ ಮೊದಲೇ ವಾಕ್ಯದಲ್ಲಿ ತೀರಿಹೋಗಿರುತ್ತದೆ.

ಪ್ರಾರಂಭದಲ್ಲಿ ಹೀಗಿರಲಿಲ್ಲವೆಂಬುದಕ್ಕೆ 'ಮಂಗಳೂರ ಸಮಾಚಾರ'ವೇ ಸಾಕ್ಷಿ. ಅದು ಕ್ರೈಸ್ತ ಧರ್ಮಪ್ರಚಾರಕರ ಪತ್ರಿಕೆ. ಅದರ ಉದ್ದೇಶದಲ್ಲಿ ಮತಪ್ರಸಾರವೂ ಸೇರಿತ್ತೆಂಬುದನ್ನು ಮರೆಯಬೇಕಾಗಿಲ್ಲ. ಆದರೆ ಅದು ಊರ ವರ್ತಮಾನಕ್ಕೂ ಸರ್ಕಾರದ ನಿರೂಪಗಳಿಗೂ ಅನ್ಯದೇಶಗಳ ಸುದ್ದಿಗೂ ಕಥೆಗಳಿಗೂ ಪದಗಳಿಗೂ ಬೇರೆ ಬೇರೆ ಎಡೆ ಮಾಡಿಕೊಟ್ಟಿತು. ಊರಿನ ವರ್ತಮಾನವೂ ಅಚ್ಚಿಗೆ ಯೋಗ್ಯವಾದ ವಸ್ತುವೆಂಬ ತಿಳಿವಳಿಕೆ ಕನ್ನಡದಲ್ಲಿ ಅಲ್ಲಿಂದ ಮೊದಲಾಯಿತು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವೆಂಬ ಹೆಸರು ತಳೆಯಿತು. ಹೆಸರಿನಿಂದ ಊರು ಹೋಗಿ ಭಾಷೆ ಬಂದಿತು. ಅದು ವಿಸ್ತಾರವೇ ಆದರೂ ಊರಿನ ದೃಷ್ಟಿಯಿಂದ ಒಂದು ನಷ್ಟವೂ ಹೌದೆಂದು ನಮಗೆ ತೋರುತ್ತದೆ. ಇದೇ ಮೋಗ್ಲಿಂಗ್ ಅವರು ತಮ್ಮ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಬಸವಪುರಾಣವನ್ನೂ ಅಚ್ಚು ಹಾಕಿಸಿದರೆಂಬುದನ್ನು ನಮ್ಮ ಭಕ್ತರು ಪ್ರಸಂಗವಶಾತ್ ನೆನೆಯಬಹುದು. ಕನ್ನಡದ ಮೊದಲ ಪತ್ರಿಕೆ ಒಂದು ಧರ್ಮಸಂಸ್ಥೆಯ ಮನೆಯಲ್ಲಿ ಹುಟ್ಟಿತು ಎಂಬ ಸಂಗತಿಯಂತೂ ಮಠಗಳ ಜನರಾದ ನಾವು ಮರೆಯಬಾರದ್ದು. ಅದಕ್ಕೆ ಕಾರಣವನ್ನು ಮುಂದೆ ಹೇಳುವೆವು.

ಇನ್ನು ಕಾನೂನಿನ ಮಾತು. ಇಲ್ಲಿ ವಾಚಕರಿಗೆ ಹಳೆಯ ಮೈಸೂರಿನ ಒಂದು ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, 1907ರಲ್ಲಿ, ಮೈಸೂರು ಸಂಸ್ಥಾನಕ್ಕೆ ನ್ಯಾಯವಿಧಾಯಕ ಸಭೆ ಬಂದಿತು. ಮರುವರ್ಷ, 1908ರಲ್ಲಿ, ಅದೇ ದಿವಾನರ ಕಾಲದಲ್ಲಿಯೇ ವೃತ್ತಪತ್ರಿಕೆಗಳ ರೆಗ್ಯುಲೇಷನ್ ಎಂಬ ಶಾಸನವೂ ಬಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸಕೂಡದು, ಕೊಟ್ಟ ಅನುಮತಿಯನ್ನು ಸರ್ಕಾರವೇ ಕಿತ್ತುಕೊಳ್ಳಬಹುದು ಎಂಬುದು ಅದರ ಸಾರ. ಒಂದು ಕೈಯಿಂದ ಸಭೆಯನ್ನು ಕೊಟ್ಟು ಇನ್ನೊಂದು ಕೈಯಿಂದ ಬಾಯಿ ಮುಚ್ಚಿದ ಈ ನಡೆಗೆ ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದವರಲ್ಲಿ ಮುಖ್ಯರು 'ವೃತ್ತಾಂತ ಚಿಂತಾಮಣಿ'ಯ ಎಂ. ವೆಂಕಟಕೃಷ್ಣಯ್ಯನವರು. ಮೈಸೂರಿನ ಜನ ಅವರನ್ನು ತಾತಯ್ಯನೆಂದೇ ಕರೆದರು. ಅವರು ಮುಖ್ಯೋಪಾಧ್ಯಾಯರಾಗಿ ಕೆಲಸ ಮಾಡಿದುದು ನಮ್ಮ ಸಮಾಜದ ದಾನಿಗಳಾದ ಮರಿಮಲ್ಲಪ್ಪನವರ ದತ್ತಿಯಿಂದ ನಡೆದ ಶಾಲೆಯಲ್ಲಿ. ವೀರಶೈವ ದಾನಿಯ ಅನ್ನದಿಂದ ನಡೆದ ಒಂದು ಸಂಸ್ಥೆಯ ಮುಖ್ಯಸ್ಥರಾಗಿದ್ದ ಬ್ರಾಹ್ಮಣ ಉಪಾಧ್ಯಾಯರೊಬ್ಬರು ಸಂಸ್ಥಾನದ ಸರ್ಕಾರವನ್ನೇ ಪತ್ರಿಕೆಯಲ್ಲಿ ಟೀಕಿಸುತ್ತಿದ್ದರೆಂಬುದು ಆ ದತ್ತಿಯ ಹಿರಿಮೆಯನ್ನು ಹೆಚ್ಚಿಸುತ್ತದೆ. ದಾನ ಮಾಡಿದವರು ದಾನದ ಜೊತೆಗೆ ನಾಲಗೆಯನ್ನು ಕೊಂಡುಕೊಳ್ಳಲಿಲ್ಲ. ಅದೇ ಮೈಸೂರಿನಲ್ಲಿ ಯಜಮಾನ್ ವೀರಸಂಗಪ್ಪನವರು ನಡೆಸಿದ 'ಮೈಸೂರು ಸ್ಟಾರ್' ಪತ್ರಿಕೆ ನಮ್ಮ ಸಮಾಜದ ಹಿತವನ್ನು ಎತ್ತಿ ಹಿಡಿಯಿತು. ಅದರ ಸೇವೆ ದೊಡ್ಡದು. ಆದರೆ ಒಂದು ಸಮಾಜದ ಪರವಾಗಿ ಮಾತನಾಡುವ ಪತ್ರಿಕೆಗೂ ಆ ಸಮಾಜದೊಳಗೇ ನಿಂತು ಅದಕ್ಕೆ ಕನ್ನಡಿ ಹಿಡಿಯುವ ಪತ್ರಿಕೆಗೂ ಅಂತರವಿದೆ. ಎರಡನೆಯದು ನಮ್ಮಲ್ಲಿ ಇಂದಿಗೂ ವಿರಳ.

ಸ್ವಾತಂತ್ರ್ಯಾನಂತರದ ಕಥೆಯನ್ನು ವಾಚಕರು ಬಲ್ಲರು. ಸಂವಿಧಾನದ 19ನೆಯ ವಿಧಿ, 1950ರಲ್ಲಿ 'ಕ್ರಾಸ್ ರೋಡ್ಸ್' ವಾರಪತ್ರಿಕೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು, 1951ರ ಮೊದಲನೆಯ ತಿದ್ದುಪಡಿ, 1975ರ ತುರ್ತುಪರಿಸ್ಥಿತಿಯ ಪೂರ್ವಪರಿಶೀಲನೆ, ಇವೆಲ್ಲ ಪಠ್ಯಪುಸ್ತಕಗಳಲ್ಲಿವೆ. ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣದ ಒಂದು ಪ್ರಕರಣ ಮಾತ್ರ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. 1956ರ ಒಂದು ಕಾಯಿದೆ ಹಾಗೂ 1960ರ ಒಂದು ಆಜ್ಞೆಯ ಮೂಲಕ ಕೇಂದ್ರ ಸರ್ಕಾರವು ದಿನಪತ್ರಿಕೆಯ ಬೆಲೆಗೂ ಪುಟಗಳ ಸಂಖ್ಯೆಗೂ ಗಂಟು ಹಾಕಿತು: ಹೆಚ್ಚು ಪುಟ ಕೊಡಬೇಕಾದರೆ ಹೆಚ್ಚು ಬೆಲೆ ಇಡಬೇಕು. ದೊಡ್ಡ ಪತ್ರಿಕೆಗಳು ಅಗ್ಗದ ಬೆಲೆಗೆ ದಪ್ಪ ಸಂಚಿಕೆ ಕೊಟ್ಟು ಸಣ್ಣವನ್ನು ನುಂಗದಿರಲಿ ಎಂಬುದು ಅದರ ಹಿಂದಿದ್ದ ವಾದ. ಆದರೆ ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದುದು ಪುಣೆಯ 'ಸಕಾಳ', ಒಂದು ಊರಿನ ದೇಶಭಾಷಾ ಪತ್ರಿಕೆ! 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ತಳ್ಳಿಹಾಕಿತು. ಪತ್ರಿಕೆಯ ಪ್ರಸಾರವನ್ನು ಕುಗ್ಗಿಸುವುದೂ ವಾಕ್‌ಸ್ವಾತಂತ್ರ್ಯವನ್ನು ಕುಗ್ಗಿಸುವುದೇ ಎಂದು ಹೇಳಿತು. ತೀರ್ಪು ನ್ಯಾಯವಾದುದು. ಸರ್ಕಾರದ ಕೈಯಲ್ಲಿ ಅಂತಹ ಅಳತೆಗೋಲು ಇರಬಾರದು. ಆದರೆ ತೀರ್ಪಿನ ಅನಂತರವೂ ಸಣ್ಣ ಪತ್ರಿಕೆಯನ್ನು ಅಗ್ಗದ ಬೆಲೆಯ ದೊಡ್ಡ ಪತ್ರಿಕೆಯಿಂದ ಕಾಪಾಡುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಅದನ್ನು ಉತ್ತರಿಸಬೇಕಾಗಿದ್ದವರು ಓದುಗರು. ಅವರು ಉತ್ತರಿಸಲಿಲ್ಲ, ಅಗ್ಗದ್ದನ್ನು ಕೊಂಡರು.

ಇತ್ತೀಚಿನ ವರ್ಷಗಳಲ್ಲಿ ಕಾನೂನಿನ ಭಯ ಕಡಿಮೆಯಾಗಿದೆಯೆಂದು ಯಾರೂ ತಿಳಿಯಬಾರದು. 2017ರ ಜೂನ್ ತಿಂಗಳಲ್ಲಿ ನಮ್ಮ ವಿಧಾನಸಭೆಯೇ ಹಕ್ಕುಚ್ಯುತಿಯ ಹೆಸರಿನಲ್ಲಿ ಇಬ್ಬರು ಸಂಪಾದಕರಿಗೆ ಒಂದು ವರ್ಷದ ಸೆರೆವಾಸವನ್ನೂ 10,000 ರೂಪಾಯಿ ದಂಡವನ್ನೂ ವಿಧಿಸಿತು. ಅವರಲ್ಲಿ ಒಬ್ಬರು ಯಲಹಂಕದ ಸಣ್ಣ ಪತ್ರಿಕೆಯವರು. ದೂರು ಕೊಟ್ಟವರೂ ಶಾಸಕರು, ವಿಚಾರಿಸಿದವರೂ ಶಾಸಕರು, ಶಿಕ್ಷಿಸಿದವರೂ ಶಾಸಕರು. ಬರೆದುದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಈ ವಿಚಾರಣೆಯ ಕ್ರಮವನ್ನು ಒಪ್ಪುವುದು ಕಷ್ಟ. ಅದೇ ವರ್ಷದ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಬೆಂಗಳೂರಿನಲ್ಲಿ ಅವರ ಮನೆಯ ಮುಂದೆಯೇ ಕೊಂದರು. ಅವರ ಅಭಿಪ್ರಾಯಗಳಲ್ಲಿ ನಾವು ಒಪ್ಪದಿರುವಂಥವು ಹಲವಿದ್ದವು. ಒಪ್ಪದಿದ್ದವರು ಬರೆದು ಉತ್ತರಿಸಬೇಕಾಗಿತ್ತು. ಅದಕ್ಕೆ ಎರಡು ವರ್ಷ ಮೊದಲು, 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರ ಹತ್ಯೆಯಾದಾಗ ನಮ್ಮ ಮಠಗಳಲ್ಲಿ ಎಷ್ಟು ಮಠಗಳು ಗಟ್ಟಿಯಾಗಿ ಮಾತನಾಡಿದವು ಎಂಬ ಲೆಕ್ಕವನ್ನು ವಾಚಕರೇ ಹಾಕಿಕೊಳ್ಳಲಿ.

1867ರ ಪತ್ರಿಕಾ ನೋಂದಣಿ ಕಾಯಿದೆ ಹೋಗಿ 2023ರ ಹೊಸ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಮಾನನಷ್ಟವನ್ನು ಅಪರಾಧವೆಂದು ಎಣಿಸುವ ಹಳೆಯ ದಂಡಸಂಹಿತೆಯ ವಿಧಿಯೂ ಹೊಸ ನ್ಯಾಯಸಂಹಿತೆಯಲ್ಲಿ 356ನೆಯ ಸಂಖ್ಯೆ ಹೊತ್ತು ಉಳಿದಿದೆ. ಹೊಸ ಸಂಹಿತೆ ಜಾರಿಗೆ ಬಂದ ದಿನವೂ ಜುಲೈ 1, 2024! ದೊಡ್ಡ ಪತ್ರಿಕೆಗೆ ವಕೀಲರಿರುತ್ತಾರೆ. ತಾಲ್ಲೂಕಿನ ಸಂಪಾದಕನಿಗೆ ದೂರದ ಊರಿನ ನ್ಯಾಯಾಲಯದ ಪ್ರತಿಯೊಂದು ವಾಯಿದೆಯೂ ಒಂದು ದಿನದ ಪತ್ರಿಕೆಯ ಖರ್ಚಾಗಿ ಪರಿಣಮಿಸುತ್ತದೆ. ಅಲ್ಲಿ ಶಿಕ್ಷೆಗಿಂತ ವಿಚಾರಣೆಯೇ ಹೆಚ್ಚಿನ ಶಿಕ್ಷೆ. 2025ರ ಜುಲೈಯಲ್ಲಿ ಧರ್ಮಸ್ಥಳದ ವಿಷಯವಾಗಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ನೂರಾರು ಪ್ರತಿವಾದಿಗಳ ಮೇಲೆ ಅವರ ಮಾತನ್ನು ಕೇಳುವುದಕ್ಕೆ ಮುಂಚೆಯೇ ತಡೆಯಾಜ್ಞೆ ಹೊರಡಿಸಿತು. ಅದನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯಕ್ಕೆ ಹೋದವರಲ್ಲಿ ಮಂಗಳೂರಿನ ಒಂದು ಸಣ್ಣ ಸ್ಥಳೀಯ ವಾಹಿನಿಯಿತ್ತು. ಆಗಸ್ಟ್ 1ರಂದು ಅದರ ಮಟ್ಟಿಗೆ ಆ ಆಜ್ಞೆ ರದ್ದಾಯಿತು. ಆ ಆರೋಪಗಳ ಸತ್ಯಾಸತ್ಯತೆ ಪ್ರಕೃತ ವಿಷಯವಲ್ಲ. ಧರ್ಮಕ್ಷೇತ್ರವೊಂದರ ಹೆಸರು ಬಂದೊಡನೆ ಸುದ್ದಿಯನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆ ಎಲ್ಲ ಧರ್ಮಸಂಸ್ಥೆಗಳ ಬಾಗಿಲಿಗೂ ಒಂದಲ್ಲ ಒಂದು ದಿನ ಬರುವಂಥದೆಂದಷ್ಟೇ ನಮ್ಮ ಅಭಿಪ್ರಾಯ.

ಆದರೂ ಮೇಲೆ ಹೇಳಿದ ಕ್ರಿಯಾಪದಗಳನ್ನು ಬದಲಾಯಿಸಿದುದು ಕಾನೂನಲ್ಲ. ಅದನ್ನು ತಿಳಿಯಬೇಕಾದರೆ ತಾಲ್ಲೂಕಿನ ಬಿಡಿ ಸುದ್ದಿಗಾರನ ದಿನಚರಿಯನ್ನು ನೋಡಬೇಕು. ಅವನಿಗೆ ಸಂಬಳವಿಲ್ಲ, ಇದ್ದರೆ ಬಸ್ಸಿನ ಖರ್ಚಿಗೂ ಸಾಲದ ಗೌರವಧನ. ಅವನ ಜೀವನ ನಡೆಯುವುದು ತಾನು ತಂದುಕೊಟ್ಟ ಜಾಹೀರಾತಿನ ಮೇಲಿನ ಕಮಿಷನ್ನಿನಿಂದ. ಯುಗಾದಿ, ದೀಪಾವಳಿ, ರಾಜ್ಯೋತ್ಸವ, ಶಾಸಕರ ಜನ್ಮದಿನ, ಮಠದ ಜಾತ್ರೆ, ಇವು ಅವನ ಪಾಲಿಗೆ ಸುಗ್ಗಿಗಳು. ಯಾವ ಗುತ್ತಿಗೆದಾರನ ಕಳಪೆ ರಸ್ತೆಯನ್ನು ಅವನು ವರದಿ ಮಾಡಬೇಕೋ ಅದೇ ಗುತ್ತಿಗೆದಾರನ ಬಳಿ ಶುಭಾಶಯದ ಕಾಲುಪುಟ ಕೇಳಬೇಕು. ಯಾವ ಸಹಕಾರ ಸಂಘದ ಲೆಕ್ಕ ಕೇಳಬೇಕೋ ಅದರ ಅಧ್ಯಕ್ಷನ ಅಭಿನಂದನೆಯ ಪುರವಣಿ ತರಬೇಕು. ಒಬ್ಬನೇ ಮನುಷ್ಯನನ್ನು ಪ್ರಶ್ನೆ ಕೇಳುವವನನ್ನಾಗಿಯೂ ಹಣ ಬೇಡುವವನನ್ನಾಗಿಯೂ ಮಾಡಿದ ಮೇಲೆ ಅವನಿಂದ ಬರುವ ಗದ್ಯ 'ಕರೆ ನೀಡಿದರು' ಎಂಬುದಲ್ಲದೆ ಮತ್ತೇನಾಗಬಲ್ಲುದು? ಪತ್ರಿಕೆಯ ಮಾಲೀಕನ ಅವಸ್ಥೆಯೂ ಇದಕ್ಕಿಂತ ಉತ್ತಮವಲ್ಲ. ಒಂದು ಕಪ್ಪು ಚಹಾದ ಬೆಲೆಗಿಂತ ಕಡಿಮೆ ಬೆಲೆಗೆ ಪ್ರತಿ ಮಾರುವ ಅವನಿಗೆ ಕಾಗದದ ಖರ್ಚು ಕೂಡ ಓದುಗನಿಂದ ಹುಟ್ಟುವುದಿಲ್ಲ. ಸರ್ಕಾರದ ಪ್ರಕಟಣೆಗಳ ಬಿಲ್ಲು ಪಾಸಾಗುವವರೆಗೆ ಅಚ್ಚಿನ ಮನೆಯವನಿಗೆ ಸಾಲ. ಬಿಲ್ಲು ಪಾಸು ಮಾಡುವವರ ವಿರುದ್ಧ ಬರೆಯಬೇಡವೆಂದು ಅವನಿಗೆ ಯಾರೂ ಹೇಳಬೇಕಾದುದಿಲ್ಲ.

ಇದಕ್ಕೆ ಪರಿಹಾರ ಹುಡುಕಿದವರು ನಮ್ಮ ನಾಡಿನಲ್ಲಿ ಇರಲಿಲ್ಲವೆಂದಲ್ಲ. ಫ. ಗು. ಹಳಕಟ್ಟಿಯವರನ್ನು ಮೊದಲು ನೆನೆಯಬೇಕು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು 1925ರಲ್ಲಿ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ'ವನ್ನೂ 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯನ್ನೂ ಆರಂಭಿಸಿದರು. ವಚನಗಳ ಉದ್ಧಾರಕರೆಂದು ಅವರನ್ನು ಪೂಜಿಸುವ ನಾವು ಅವರು ಒಂದು ಊರಿನ ವಾರಪತ್ರಿಕೆಯ ಸಂಪಾದಕರೂ ಆಗಿದ್ದರೆಂಬುದನ್ನು ಏಕೋ ಮರೆತಿದ್ದೇವೆ. ವಚನಗಳ ಶೋಧನೆಗೂ ಊರಿನ ಸುದ್ದಿಗೂ ಒಂದೇ ಅಚ್ಚಿನ ಯಂತ್ರ ಸಾಕೆಂದು ಅವರು ತಿಳಿದಿದ್ದರು. ಆದರೆ ಒಬ್ಬ ವ್ಯಕ್ತಿಯ ಮನೆಯನ್ನು ಉರುವಲಾಗಿಸಿಕೊಂಡು ನಡೆಯುವ ಪತ್ರಿಕೆ ಆ ವ್ಯಕ್ತಿಯ ನಂತರ ನಿಲ್ಲುವುದಿಲ್ಲ. ಅದು ತ್ಯಾಗದ ಮಾರ್ಗ. ಅದನ್ನು ಇನ್ನೊಬ್ಬರಿಂದ ಬೇಡುವ ಅಧಿಕಾರ ನಮಗಿಲ್ಲ.

ಎರಡನೆಯ ಮಾರ್ಗ 1980ರಲ್ಲಿ ಪಿ. ಲಂಕೇಶರು ಹಿಡಿದುದು. ಜಾಹೀರಾತನ್ನೇ ತೆಗೆದುಕೊಳ್ಳದೆ ಓದುಗನ ಕಾಸಿನಿಂದಲೇ ವಾರಪತ್ರಿಕೆ ನಡೆಯಬಲ್ಲುದೆಂದು ಅವರು ತೋರಿಸಿಕೊಟ್ಟರು. ಅವರ ನಾಲಗೆ ಹರಿತವಾಗಿತ್ತು. ಮಠಗಳೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಆ ಗದ್ಯದಲ್ಲಿ ಅನ್ಯಾಯವೆನಿಸುವ ಮಾತುಗಳಿದ್ದರೂ ನೇರ ಕ್ರಿಯಾಪದಗಳಿದ್ದವು. ಅವರನ್ನು ಅನುಕರಿಸಿದವರಲ್ಲಿ ಹಲವರು ಹರಿತವನ್ನು ಮಾತ್ರ ಕಲಿತು ಅದನ್ನು ತೋರಿಸಿ ಹಣ ಕೀಳುವ ಉಪಾಯ ಮಾಡಿಕೊಂಡರೆಂಬುದು ಜಿಲ್ಲೆಗಳಲ್ಲಿ ಇರುವ ನಮಗೆಲ್ಲ ತಿಳಿದ ವಿಷಯ. ಶುಭಾಶಯದ ಪುರವಣಿಯೂ ಬೆದರಿಕೆಯ ಹಳದಿ ಪತ್ರಿಕೆಯೂ ಒಂದೇ ಬಡತನದ ಎರಡು ಮಕ್ಕಳು.

ಮೂರನೆಯದು ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ ಹೊರಡಿಸಿದ 'ಮುಂಗಾರು' ದಿನಪತ್ರಿಕೆ. ಓದುಗರಿಂದಲೇ ಷೇರು ಸಂಗ್ರಹಿಸಿ, ಓದುಗರೇ ಒಡೆಯರಾದ ಪತ್ರಿಕೆಯನ್ನು ಕಟ್ಟಬೇಕೆಂಬುದು ಅವರ ಸಂಕಲ್ಪವಾಗಿತ್ತು. ಈ ಮೂರರಲ್ಲಿ ಇದೇ ಅತ್ಯಂತ ಸರಿಯಾದ ವಿಚಾರವೆಂದು ನಮ್ಮ ನಿರ್ಣಯ; ಮೊದಲು ಸೋತುದೂ ಅದೇ. ಸುಮಾರು ಒಂದು ದಶಕದಲ್ಲಿ ಅದು ಕಣ್ಮರೆಯಾಯಿತು. ಅಲ್ಲಿ ಬೆಳೆದ ಪತ್ರಕರ್ತರು ಮುಂದೆ ದೊಡ್ಡ ಪತ್ರಿಕೆಗಳಲ್ಲಿ ಹೆಸರು ಮಾಡಿದರು. ಸಣ್ಣ ಬಂಡವಾಳವನ್ನು ಒಮ್ಮೆ ಕೊಟ್ಟ ಓದುಗನಿಗೆ ಪತ್ರಿಕೆಯನ್ನು ಪ್ರತಿದಿನವೂ ಕೊಟ್ಟೇ ಉಳಿಸಬೇಕೆಂಬುದು ತಿಳಿಯಲಿಲ್ಲವೆಂದು ತೋರುತ್ತದೆ. ಜಾತ್ರೆಯ ರಥಕ್ಕೆ ಒಮ್ಮೆ ದೇಣಿಗೆ ಕೊಟ್ಟರೆ ಸಾಕು, ನಿತ್ಯದಾಸೋಹಕ್ಕೆ ಹಾಗಲ್ಲ.

ಈಗ ಸುದ್ದಿ ಕೈಯಲ್ಲಿರುವ ಫೋನಿಗೆ ಬಂದಿದೆ. ಊರಿನ ತರುಣರು ವಾಟ್ಸಾಪ್ ಗುಂಪುಗಳನ್ನೂ ಯೂಟ್ಯೂಬ್ ವಾಹಿನಿಗಳನ್ನೂ ನಡೆಸುತ್ತಿದ್ದಾರೆ. ಕಾಗದದ ಖರ್ಚಿಲ್ಲ, ಅಚ್ಚಿನ ಸಾಲವಿಲ್ಲ. ಆದಕಾರಣ ಸ್ವಾತಂತ್ರ್ಯ ಬಂದಿತೆಂದು ಕೆಲವರ ಎಣಿಕೆ. ನಮ್ಮ ವಿದ್ಯಾರ್ಥಿಗಳು ತೋರಿಸಿದ ಕೆಲವನ್ನು ನೋಡಿದ್ದೇವೆ. ಚರಂಡಿ ಕಟ್ಟಿದ ಚಿತ್ರ ಹತ್ತು ನಿಮಿಷದಲ್ಲಿ ಊರಿಗೆಲ್ಲ ಮುಟ್ಟುವುದು ಉಪಕಾರವೇ ಸರಿ. ಆದರೆ ಪುರಸಭೆಯ ಸಭೆಯಲ್ಲಿ ಮೂರು ಗಂಟೆ ಕುಳಿತು ನಡಾವಳಿಯನ್ನು ಬರೆದುಕೊಂಡು ಬರುವವನಿಗೆ ಅಲ್ಲಿಯೂ ಕೂಲಿಯಿಲ್ಲ. ಶುಭಾಶಯದ ಚಿತ್ರಗಳು ಅಲ್ಲಿಯೂ ಬಂದಿವೆ, ಈಗ ಸಂಗೀತದೊಡನೆ.

ಇಷ್ಟೆಲ್ಲ ಬರೆದ ಮೇಲೆ ಬರೆಯದೆ ಉಳಿಸಿದ ಒಂದು ಸಂಗತಿಯನ್ನು ಹೇಳದಿದ್ದರೆ ಈ ವಿಮರ್ಶೆಯೂ 'ಕರೆ ನೀಡಿದರು' ಎಂಬ ಜಾತಿಗೇ ಸೇರುತ್ತದೆ. ನಮ್ಮ ಪ್ರಸಾದನಿಲಯದಲ್ಲಿಯೇ ಉಂಡು ಓದಿದ ಒಬ್ಬರು ತಾಲ್ಲೂಕಿನಲ್ಲಿ ವಾರಪತ್ರಿಕೆಯೊಂದನ್ನು ನಡೆಸುತ್ತಾರೆ. ಹತ್ತು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಪ್ರಸಾದನಿಲಯದ ಕೊಳವೆಬಾವಿ ಬತ್ತಿತು. ಮೂರು ವಾರ ಮಕ್ಕಳು ಬೀದಿಯ ನಲ್ಲಿಯಿಂದ ಕೊಡಗಳಲ್ಲಿ ನೀರು ಹೊತ್ತರು. ಅದೇ ಕಾಲಕ್ಕೆ ಮಠದಲ್ಲಿ ಮಹಾದ್ವಾರದ ಕೆಲಸ ನಡೆಯುತ್ತಿತ್ತು. ಅವರು ಈ ಎರಡನ್ನೂ ಎರಡು ವಾಕ್ಯಗಳಲ್ಲಿ ಒಂದರ ಕೆಳಗೆ ಒಂದನ್ನು ಬರೆದರು. ಟೀಕೆಯ ಒಂದು ಪದವೂ ಇರಲಿಲ್ಲ. ಬತ್ತಿತು, ಹೊತ್ತರು, ಕಟ್ಟುತ್ತಿದ್ದಾರೆ, ಕ್ರಿಯಾಪದಗಳು ಅಷ್ಟೇ. ಬರೆದುದೆಲ್ಲ ನಿಜವಾಗಿತ್ತು. ಆ ವರ್ಷದ ಜಾತ್ರೆಯ ಜಾಹೀರಾತನ್ನು ಆ ಪತ್ರಿಕೆಗೆ ಕೊಡಬೇಕೇ ಎಂದು ವ್ಯವಸ್ಥಾಪಕರು ನಮ್ಮನ್ನು ಕೇಳಿದರು. ನಾವು ಬೇಡವೆನ್ನಲಿಲ್ಲ, ಕೊಡಿರೆಂದೂ ಹೇಳಲಿಲ್ಲ. ಪೂಜೆಗೆ ಹೊತ್ತಾಯಿತೆಂದು ಎದ್ದು ಹೋದೆವು. ಜಾಹೀರಾತು ಹೋಗಲಿಲ್ಲ. ಮರುವರ್ಷ ಆ ಪತ್ರಿಕೆಯಲ್ಲಿ ನಮ್ಮ ಭಾವಚಿತ್ರ ಒಂದು ಪುಟದ ತುಂಬ ಬಂದಿತು. ನಾವು ಸಾನ್ನಿಧ್ಯ ವಹಿಸಿದ್ದೆವು, ಆಶೀರ್ವಚನ ನೀಡಿದೆವು. ಆಗ ನಮಗೆ ಸಂತೋಷವೇ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ. ಅಷ್ಟು ಚೆನ್ನಾಗಿ ಬರೆಯುತ್ತಿದ್ದ ಕೈ ಹಾಗೆ ಬರೆಯುವಂತೆ ಮಾಡಿದುದು ಯಾವ ರೆಗ್ಯುಲೇಷನ್ನೂ ಅಲ್ಲ, ನಮ್ಮ ಮೌನವೆಂಬುದು ಆ ವೃದ್ಧ ವರದಿಗಾರರ ಎರಡು ವಾಕ್ಯಗಳನ್ನು ಕೇಳಿದ ದಿನ ತಿಳಿಯಿತು. ದಿವಾನರು ಕನಿಷ್ಠಪಕ್ಷ ಶಾಸನವನ್ನು ಬರೆದು ಪ್ರಕಟಿಸಿದ್ದರು.

ಈ ವರ್ಷದ ಜಾತ್ರಾ ಸಮಿತಿಯ ಮುಂದೆ ಈ ವಿಷಯವನ್ನು ಇಟ್ಟೆವು. ಶುಭಾಶಯದ ಜಾಹೀರಾತನ್ನು ಯಾವ ಪತ್ರಿಕೆಗೂ ಕೊಡಬಾರದು. ಆ ಹಣದಲ್ಲಿ ತಾಲ್ಲೂಕಿನ ಪತ್ರಿಕೆಗಳಿಗೆ ಮಠದ ಶಾಲೆಗಳ ಹಾಗೂ ಪ್ರಸಾದನಿಲಯಗಳ ಹೆಸರಿನಲ್ಲಿ ಮೂರು ವರ್ಷದ ಚಂದಾ ಮುಂಗಡವಾಗಿ ಕೊಡಬೇಕು. ಏನು ಬರೆದರೂ ಅದನ್ನು ಹಿಂದಕ್ಕೆ ಪಡೆಯಕೂಡದು ಎಂದು ಬರೆದು ಕೊಡಬೇಕು ಎಂಬುದು ನಮ್ಮ ಸೂಚನೆ. ಸಮಿತಿಯಲ್ಲಿ ವಿರೋಧವಿಲ್ಲದೆ ಇರಲಿಲ್ಲ. ಜಾತ್ರೆಗೆ ಜನ ಬರುವುದು ಜಾಹೀರಾತು ನೋಡಿಯೇ ಎಂದು ಹಿರಿಯ ಭಕ್ತರೊಬ್ಬರು ವಾದಿಸಿದರು. ಕಾರ್ಯಕ್ರಮದ ವಿವರ ತಿಳಿಸುವ ಪ್ರಕಟಣೆಯೊಂದನ್ನು ಎಲ್ಲ ಪತ್ರಿಕೆಗಳಿಗೂ ಸಮನಾಗಿ ಕೊಡುವುದೆಂದು ಕೊನೆಗೆ ಒಪ್ಪಂದವಾಯಿತು. ವಾರಪತ್ರಿಕೆಯ ಸಂಪಾದಕರನ್ನು ಕರೆಸಿ ಹೇಳಿದಾಗ ಅವರು ಮೊದಲು ಕೇಳಿದ ಪ್ರಶ್ನೆ, ಚಂದಾದ ಮೊತ್ತ ಜಾಹೀರಾತಿನ ಮೊತ್ತಕ್ಕೆ ಸಮನಾಗುವುದೇ ಎಂಬುದು. ಲೆಕ್ಕ ಹಾಕಿದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚಾಗುತ್ತಿತ್ತು, ಅಷ್ಟೆ. ಉಳಿದುದನ್ನು ಹೇಗೆ ತುಂಬಿಸಿಕೊಳ್ಳಬೇಕೆಂದು ಅವರಿಗೂ ತಿಳಿಯದು, ನಮಗೂ ತಿಳಿಯದು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ತಮ್ಮ ಊರಿನ ಪತ್ರಿಕೆಗೆ ಚಂದಾ ಕೊಡದೆ ನೆರೆಮನೆಯ ಪ್ರತಿಯನ್ನೋ ಫೋನಿನಲ್ಲಿ ಬಂದ ಚಿತ್ರವನ್ನೋ ಓದುವವರು ಎಷ್ಟು ಮಂದಿಯೆಂಬುದು ಅವರಿಗೇ ಗೊತ್ತು.

ಸಂಪಾದಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕಳೆದ ಜಾತ್ರೆಯ ಆದಾಯ ವೆಚ್ಚದ ಪಟ್ಟಿ ಬೇಕೆಂದು ಕೇಳಿದರು. ಅದು ಇನ್ನೂ ಲೆಕ್ಕಪರಿಶೋಧಕರ ಬಳಿ ಇದೆ. ಬಂದ ಕೂಡಲೇ ಅವರಿಗೆ ಒಂದು ಪ್ರತಿ ಕಳುಹಿಸಬೇಕೆಂದು ವ್ಯವಸ್ಥಾಪಕರಿಗೆ ಹೇಳಿದ್ದೇವೆ.